ಚಾಪೆಲ್ಲಿಗೆ ಬಾಗಿಲು ಬಂದ ಬಗೆ

ಚಾಪೆಲ್ಲಿನ ಒಳಗೆ ಯಾರು ಕೂರಬೇಕು ಎಂಬ ಮಾತು ಎದ್ದ ದಿನ ನಮ್ಮ ವಿಶ್ವವಿದ್ಯಾಲಯದಲ್ಲಿ ಒಂದು ತರಗತಿಯೂ ನೆಟ್ಟಗೆ ನಡೆಯಲಿಲ್ಲ. ಗೋಡೆಗಳು ಎದ್ದಿದ್ದವು, ಕಿಟಕಿಗಳಿಗೆ ಸರಳು ಕೂತಿದ್ದವು, ಗೋಪುರದ ತುದಿಗೆ ಶಿಲುಬೆ ಏರಿತ್ತು. ಚಾವಣಿಯಲ್ಲಿ ಒಬ್ಬರು ಇಳಿಯುವಷ್ಟು ಕಂಡಿ ಮಾತ್ರ ಬಾಕಿ. ಆ ಕಂಡಿಯಿಂದ ಯಾರಾದರೂ ಏಣಿ ಹಿಡಿದು ಒಳಗಿಳಿದು, ಮೇಲೆ ಚಪ್ಪಡಿ ಮುಚ್ಚಿದರೆ ಮೇಸ್ತ್ರಿಯ ಕೆಲಸ ಮುಗಿಯಿತು. ನಮ್ಮೂರಿನಲ್ಲಿ ಗೋಡೆಯನ್ನು ಮೇಸ್ತ್ರಿ ಕಟ್ಟುತ್ತಾನೆ, ಕಿಟಕಿಯನ್ನು ಬಡಗಿ ಇಡುತ್ತಾನೆ, ಬಾಗಿಲು ಮಾತ್ರ ತಾನಾಗಿ ಬರಬೇಕು. ಒಳಗೆ ಕೂತವರಿಗೆ ಯಾವ ಕಡೆ ಹೊರಡಬೇಕು ಅನ್ನಿಸುತ್ತದೋ ಆ ಕಡೆ ಬರುತ್ತದೆ.

ಹಾಗಾಗಿ ನಮ್ಮಲ್ಲಿ ಮನೆ ಕಟ್ಟುವವರು ನಾಲ್ಕೂ ಕಡೆ ಓಡಾಡುವಷ್ಟು ಜಾಗ ಬಿಡುತ್ತಾರೆ, ಒಳಗೆ ಕೂರುವವರನ್ನು ಹತ್ತು ಸಲ ಯೋಚಿಸಿ ಆರಿಸುತ್ತಾರೆ. ಬ್ಯಾಂಕಿನ ಮ್ಯಾನೇಜರು ತಮ್ಮ ಹೊಸ ಮನೆಯಲ್ಲಿ ಕೂತಾಗ ಬಾಗಿಲು ಬಂದದ್ದು ಹಿಂದಿನ ಬೀದಿಯ ಇಸ್ಪೀಟು ಕ್ಲಬ್ಬಿನ ಕಡೆಗೆ. ಅವರ ಹೆಂಡತಿ ಬಹಳ ಕಾಲ ಆ ಹೊಸ್ತಿಲಿಗೆ ರಂಗೋಲಿ ಹಾಕಲಿಲ್ಲ. ಅಂಚೆ ಕಚೇರಿಗೆ ಕೂತ ಪೋಸ್ಟ್‌ಮಾಸ್ಟರಿಗೆ ಈಜಿನ ಹುಚ್ಚು. ಆ ಬಾಗಿಲು ಸೀದಾ ಕೆರೆಗೆ ತೆರೆಯಿತು, ಇವತ್ತಿಗೂ ಸ್ಟ್ಯಾಂಪು ಬೇಕಾದವರು ಪಂಚೆ ಎತ್ತಿಕಟ್ಟಿಕೊಂಡು ಕೆರೆಯಂಚಿನಲ್ಲೇ ಹೋಗಬೇಕು. ಹೊಸದಾಗಿ ಮದುವೆಯಾದವಳನ್ನಂತೂ ಯಾರೂ ಕೂರಿಸುವುದಿಲ್ಲ. ಬಾಗಿಲು ತವರಿನ ಬಸ್ಸು ನಿಲ್ಲುವ ಕಡೆ ಬಂದರೆ ಬೀಗರು ಬೀಗರ ಮುಖ ನೋಡುವುದು ಹೇಗೆ?

ನಾನು ಲೂರ್ದು ಮೇರಿ. ಅದೇ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲೇ ಸಿವಿಲ್ ಎಂಜಿನಿಯರಿಂಗ್ ಪಾಠ ಹೇಳುತ್ತಿರುವವಳು. ಚಾಪೆಲ್ಲಿನ ನಕ್ಷೆ ನನ್ನದು. ಅದಕ್ಕೆ ಮುಂಚೆ ನಾನು ಕಟ್ಟಿದ್ದೆಲ್ಲ ಕಪ್ಪುಹಲಗೆಯ ಮೇಲೆ ಎದ್ದು ಡಸ್ಟರಿಗೆ ಬಿದ್ದುಹೋದ ಕಟ್ಟಡಗಳು. ಹಳೆಯ ಚಾಪೆಲ್ಲು ಹೆಂಚು ಜಾರಿ, ಗೋಡೆ ಬಾಯಿಬಿಟ್ಟು, ಕೊನೆಗೆ ಇಳಿಸಲೇಬೇಕಾಗಿ ಬಂದ ಮೇಲೆ ನಮ್ಮ ಬಲಿಪೂಜೆ ಒಳಾಂಗಣ ಕ್ರೀಡಾಂಗಣಕ್ಕೆ ಹೋಗಿತ್ತು. ಪೀಠದ ಹಿಂದೆ ಬ್ಯಾಸ್ಕೆಟ್‌ಬಾಲಿನ ಬುಟ್ಟಿ. ಪರಮಪ್ರಸಾದಕ್ಕೆ ಸಾಲು ನಿಂತ ಹುಡುಗರ ಕಾಲು ಫ್ರೀಥ್ರೋ ಗೆರೆಗೆ ಬಂದಾಗ ಅಭ್ಯಾಸಬಲದಿಂದ ನಿಂತುಬಿಡುತ್ತಿತ್ತು. ಅದನ್ನು ನೋಡಿ ನೋಡಿ ಬೇಸತ್ತಿದ್ದ ಜನ, ಹೊಸ ಚಾಪೆಲ್ಲು ಎಂದ ಕೂಡಲೇ ಮೈಯೆಲ್ಲ ಕೈಯಾಗಿ ಬಂದಿದ್ದರು. ನರ್ಸಿಂಗ್ ಹುಡುಗಿಯರು ಡ್ಯೂಟಿ ಮುಗಿಸಿ ಬಂದು ಇಟ್ಟಿಗೆ ದಾಟಿಸಿದರು. ಕಾಮರ್ಸಿನ ಹುಡುಗರು ಮರಳು ಜರಡಿ ಹಿಡಿಯುವುದನ್ನು ಪಂದ್ಯ ಮಾಡಿಕೊಂಡರು. ಮೇಸ್ತ್ರಿ ಖಾದರ್ ಈ ಸಹಾಯದ ಹಾವಳಿ ತಾಳಲಾರದೆ ಒಂದು ದಿನ ಕರಣೆ ಕೆಳಗಿಟ್ಟು, ಇವರನ್ನೆಲ್ಲ ಓದೋಕೆ ಕಳಿಸಿದರೆ ಕೆಲಸ ಬೇಗ ಆಗುತ್ತದೆ ಎಂದು ನನ್ನಲ್ಲಿ ಬೇಡಿಕೊಂಡಿದ್ದರು.

ಕೂರುವುದು ಯಾರು ಎಂದಾಗ ಮೊದಲು ಬಿಷಪ್ ಸ್ವಾಮಿಗಳನ್ನೇ ಕೇಳಿದರು. ಅವರು ನಯವಾಗಿ ಒಲ್ಲೆನೆಂದರು. ಅವರ ನಿವಾಸದ ಬಾಗಿಲು ರೈಲು ನಿಲ್ದಾಣದ ಕಡೆ ಬಂದಿದ್ದನ್ನು ಊರು ಇನ್ನೂ ಮರೆತಿರಲಿಲ್ಲ. ನಮ್ಮ ಆಸ್ಪತ್ರೆಯ ಮುಖ್ಯಸ್ಥೆ ಸಿಸ್ಟರ್ ಜಸಿಂತಾ ತಾವು ಕೂರಲು ಸಿದ್ಧ ಎಂದರು. ಆಗ ಬಾಗಿಲು ದಕ್ಷಿಣಕ್ಕೆ, ಆಸ್ಪತ್ರೆಯ ಕಡೆಗೆ ಬರುವುದು ಖಂಡಿತ, ಗಾಲಿಕುರ್ಚಿಯವರಿಗೂ ಸಲೀಸು. ಉತ್ತರದ ಹಾಸ್ಟೆಲಿನ ಹುಡುಗಿಯರು ಬೆನಿಟಾಳ ಹೆಸರು ಹೇಳಿದರು. ಬೆನಿಟಾ ಎಂ.ಕಾಂ. ಓದುವ ಹುಡುಗಿ, ಕ್ಯಾಂಪಸ್ಸಿನ ಗಾಯನ ತಂಡವನ್ನು ನಡೆಸುವವಳು, ಮಾತಿನಲ್ಲಿ ಯಾರಿಗೂ ಬಗ್ಗುವವಳಲ್ಲ. ಸಭೆಯಲ್ಲಿ ಎಲ್ಲರೂ ಎಲ್ಲರ ಮಾತಿನ ಮೇಲೆ ಮಾತಾಡುತ್ತಿದ್ದಾಗ ಕುಲಪತಿ ಫಾದರ್ ಚೌರಪ್ಪ ಎದ್ದು, ಯಾರೂ ಬೇಡ, ತಾನೇ ಕೂರುತ್ತೇನೆ ಎಂದರು. ಅಲ್ಲಿಗೆ ಮಾತು ಮುಗಿಯಿತು.

ಮುಗಿಯಲೇಬೇಕು. ಫಾದರ್ ಚೌರಪ್ಪ ಅಂದರೆ ವಿಶ್ವವಿದ್ಯಾಲಯ, ವಿಶ್ವವಿದ್ಯಾಲಯ ಅಂದರೆ ಅವರು ಎಂಬಂತಾಗಿ ಬಹಳ ವರ್ಷವಾಗಿತ್ತು. ಅವರು ನಡೆಯುತ್ತಿರಲಿಲ್ಲ, ಹಾಯುತ್ತಿದ್ದರು. ಕೈಗೊಂದು ಮೊಬೈಲು, ಹಿಂದೆ ಓಡುತ್ತ ರಿಜಿಸ್ಟ್ರಾರು. ಊಟವನ್ನು ಅವರು ನಿಂತೇ ಮುಗಿಸುವುದನ್ನು ಕ್ಯಾಂಟೀನಿನವರೆಲ್ಲ ಕಂಡಿದ್ದರು. ಮುಖ್ಯ ದ್ವಾರದಿಂದ ಚಾಪೆಲ್ಲಿನ ಪೂರ್ವದ ಗೋಡೆಯವರೆಗೆ ಅವರು ಆಗಲೇ ಕಲ್ಲುಹಾಸಿನ ದಾರಿ ಮಾಡಿಸಿ, ಎರಡೂ ಬದಿಗೆ ಅಶೋಕದ ಸಸಿ ನೆಡಿಸಿದ್ದರು. ಬಾಗಿಲು ಅಲ್ಲಿಗೇ ಬರುತ್ತದೆ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ, ನಮಗೂ ಇರಲಿಲ್ಲ. ಬಾಗಿಲ ಮುಂದಿನ ಮೆಟ್ಟಿಲನ್ನೂ ಅಲ್ಲೇ ಕಟ್ಟಿಬಿಡಿ ಎಂದು ಅವರು ಖಾದರ್ ಮೇಸ್ತ್ರಿಗೆ ಹೇಳಿದ್ದರು. ಮೇಸ್ತ್ರಿ ಕಟ್ಟಿದ್ದರು.

ಬುಧವಾರ ಬೆಳಿಗ್ಗೆ ಅವರು ಏಣಿ ಹತ್ತಿದಾಗ ಕೆಳಗೆ ಬ್ಯಾಂಡು ಮೊಳಗುತ್ತಿತ್ತು. ಒಳಗೆ ಒಂದು ಹಾಸಿಗೆ, ಒಂದು ಕುರ್ಚಿ, ಒಂದು ಹೂಜಿ ನೀರು. ಪೂಜಾವಸ್ತ್ರದ ಕೋಣೆಗೆ ಅಂಟಿಕೊಂಡೇ ಬಚ್ಚಲಿತ್ತು. ಊಟವನ್ನು ಕಿಟಕಿಯಿಂದ ಕೊಡುವುದೆಂದಾಗಿತ್ತು, ಆದರೆ ಅದರ ಅಗತ್ಯ ಬೀಳುವುದಿಲ್ಲವೆಂದು ಫಾದರ್ ಹೇಳಿದ್ದರು. ಮಧ್ಯಾಹ್ನ ಅವರಿಗೊಂದು ಮೀಟಿಂಗಿತ್ತು. ಮೊಬೈಲುಗಳನ್ನು ರಿಜಿಸ್ಟ್ರಾರರ ಕೈಗೆ ಕೊಟ್ಟು ಕಂಡಿಯೊಳಗೆ ಇಳಿದರು. ಚಪ್ಪಡಿ ಮುಚ್ಚಿತು. ಎಲ್ಲರೂ ಪೂರ್ವದ ಗೋಡೆಯ ಮುಂದೆ ಹೂವಿನ ಹಾರ ಹಿಡಿದು ನಿಂತೆವು.

ಬಾಗಿಲು ಬರುವುದನ್ನು ನೋಡಿದವರಿಗೆ ಗೊತ್ತು, ಅದರಲ್ಲಿ ಸಿಡಿಯುವುದು ಒಡೆಯುವುದು ಏನೂ ಇಲ್ಲ. ತುಂಬಿದ ಬಸ್ಸಿನಲ್ಲಿ ಇಳಿಯುವವರಿಗೆ ಜನ ಒತ್ತಿಕೊಂಡು ದಾರಿ ಬಿಡುತ್ತಾರಲ್ಲ, ಹಾಗೆ ಕಲ್ಲುಗಳು ಒತ್ತಿಕೊಂಡು ಸರಿಯುತ್ತವೆ. ಅಷ್ಟೇ. ನಾವು ಕಣ್ಣು ಮಿಟುಕಿಸದೆ ಕಾದೆವು. ಬ್ಯಾಂಡಿನವರು ತಮಗೆ ಬರುವುದನ್ನೆಲ್ಲ ಬಾರಿಸಿ ಮೊದಲಿನಿಂದ ಶುರುಮಾಡಿದರು. ಮಧ್ಯಾಹ್ನವಾಯಿತು. ಹಾರದ ಹೂ ಬಾಡಿತು. ಸಂಜೆಗೆ ಸಿಸ್ಟರ್ ಜಸಿಂತಾ ಕಿಟಕಿಯಲ್ಲಿ ಊಟದ ಡಬ್ಬಿ ಕೊಟ್ಟು ಬಂದರು. ಏನು ಮಾಡುತ್ತಿದ್ದಾರೆ ಎಂದು ಕೇಳಿದೆವು. ಕೂತಿದ್ದಾರೆ ಎಂದರು. ಅವರ ದನಿಯಲ್ಲಿ ಇದ್ದ ಅಚ್ಚರಿ ನಮಗೂ ಅಂಟಿತು. ಫಾದರ್ ಚೌರಪ್ಪ ಕೂತಿದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

ಗುರುವಾರವೂ ಬಾಗಿಲು ಬರಲಿಲ್ಲ. ಅಷ್ಟು ಹೊತ್ತಿಗೆ ಸುದ್ದಿ ಊರಿಗೆಲ್ಲ ಹರಡಿ, ಮುಖ್ಯ ದ್ವಾರದ ಹೊರಗೆ ಕಡಲೆಕಾಯಿ ಗಾಡಿ, ಕಬ್ಬಿನ ಹಾಲಿನ ಗಾಡಿ ಬಂದು ನಿಂತವು. ಕ್ಯಾಂಪಸ್ಸಿನಲ್ಲಿ ಬೇರೆ ಮಾತೇ ಇಲ್ಲ. ಹುಡುಗರು ದಿಕ್ಕಿನ ಮೇಲೆ ಚಾಕಲೇಟು ಪಂಥ ಕಟ್ಟಿಕೊಂಡರು. ಯಾರಿಗೆ ಯಾವ ಕಡೆ ಬೇಕೋ ಅವರು ಆ ಕಡೆ ನಿಂತು ಫಾದರನ್ನು ಕರೆಯತೊಡಗಿದರು. ಆಸ್ಪತ್ರೆಯವರು ದಕ್ಷಿಣದ ಕಿಟಕಿಗೆ ಬಂದು, ಹೊಸ ಕೂಸೊಂದನ್ನು ಹರಸಲು ಬರಬೇಕೆಂದರು. ಕೂಸನ್ನು ಕಿಟಕಿಗೇ ತರಿಸಿಕೊಂಡು ಅವರು ಸರಳಿನ ಸಂದಿಯಿಂದ ಕೈಚಾಚಿ ಹರಸಿದರು. ಹಾಸ್ಟೆಲಿನವರು ಮೈದಾನದಲ್ಲಿ ಪಂದ್ಯವಿಟ್ಟು, ಟಾಸು ಹಾಕಲು ಕರೆದರು. ಒಳಗಿನಿಂದಲೇ ನಾಣ್ಯ ಹಾರಿಸಿ ಫಲಿತಾಂಶ ಕೂಗಿದರು. ರಿಜಿಸ್ಟ್ರಾರರು ಪೂರ್ವದ ಕಿಟಕಿಗೆ ಬಂದು, ಪರೀಕ್ಷೆಯ ಪ್ರಶ್ನೆಪತ್ರಿಕೆ ಅದಲುಬದಲಾಗಿದೆ, ತಾವು ಬರದಿದ್ದರೆ ಆಗುವುದಿಲ್ಲ ಎಂದು ಹೆದರಿಸಿದರು. ನೀವೇ ನೋಡಿಕೊಳ್ಳಿ, ನಿಮಗೆ ಚೆನ್ನಾಗಿ ಬರುತ್ತದೆ ಎಂದು ಫಾದರ್ ಹೇಳಿದರಂತೆ. ರಿಜಿಸ್ಟ್ರಾರರು ಕಣ್ಣಲ್ಲಿ ನೀರು ತುಂಬಿಕೊಂಡು ಹಿಂದಿರುಗಿದ್ದನ್ನು ನಾನೇ ನೋಡಿದೆ. ಇಷ್ಟು ವರ್ಷದಲ್ಲಿ ಆ ಮಾತು ಅವರ ಕಿವಿಗೆ ಬಿದ್ದದ್ದು ಅದೇ ಮೊದಲು.

ಬಾಗಿಲು ಬಾರದ ಕಟ್ಟಡ ಏನಾಗುತ್ತದೆ ಎಂಬುದು ನಮ್ಮೂರಿನ ಮಕ್ಕಳಿಗೂ ಗೊತ್ತು. ಹಾರೆ ಹಾಕಿ ಒಡೆದರೆ ಆ ಕಿಂಡಿ ಬೆಳಗಾಗುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಚಾವಣಿ ತೆಗೆದು ಕೂತವರನ್ನು ಎತ್ತಿಕೊಳ್ಳಬಹುದು, ಆದರೆ ಆಮೇಲೆ ಆ ಕಟ್ಟಡಕ್ಕೆ ಯಾರನ್ನು ಕೂರಿಸಿದರೂ ಬಾಗಿಲು ಬರುವುದಿಲ್ಲ. ಪೇಟೆಯ ನಡುವೆ ಹತ್ತಿ ಸಾಹುಕಾರರ ಮಹಡಿ ಹಾಗೇ ನಿಂತಿದೆ, ಒಳಗೆ ಪಾರಿವಾಳಗಳ ಸಂಸಾರ. ಚಾಪೆಲ್ಲಿನ ಪ್ರತಿಷ್ಠಾಪನೆಯ ಪೂಜೆಗೆ ಬಿಷಪ್ ಸ್ವಾಮಿಗಳು ಭಾನುವಾರ ಬರುವುದೆಂದಾಗಿತ್ತು. ಪೂಜೆಯನ್ನು ಹೊರಗೇ ಮಾಡೋಣ, ಅದು ಮುಗಿಯುವುದರೊಳಗೆ ಬಾಗಿಲು ಬಾರದಿದ್ದರೆ ಚಪ್ಪಡಿ ತೆಗೆದು ಫಾದರನ್ನು ಮೇಲೆತ್ತಿಕೊಳ್ಳಿ, ಚಾಪೆಲ್ಲಿಗೆ ಬೇರೆ ಜಾಗ ನೋಡೋಣ ಎಂದು ಅವರು ಹೇಳಿಕಳಿಸಿದರು.

ಶುಕ್ರವಾರ ಬೆಳಿಗ್ಗೆ ಅದನ್ನು ಕೇಳಿ ನಾನು ನೇರ ದಕ್ಷಿಣದ ಕಿಟಕಿಗೆ ಹೋದೆ. ಫಾದರ್ ಕುರ್ಚಿಯಲ್ಲಿ ಕಾಲು ನೀಡಿ ಕೂತು ಮೂಸಂಬಿ ಸುಲಿಯುತ್ತಿದ್ದರು. ಕುರುಚಲು ಗಡ್ಡ ಬಂದಿತ್ತು. ಮುಖ ತೊಳೆದಿಟ್ಟ ಹಾಗೆ ತಿಳಿಯಾಗಿತ್ತು. ಎತ್ತರದ ಗಾಜಿನಿಂದ ಬಂದ ಬೆಳಕು ನಾನು ನಕ್ಷೆಯಲ್ಲಿ ಗೆರೆ ಎಳೆದಿದ್ದ ಜಾಗಕ್ಕೇ ಬಂದು ಬಿದ್ದಿತ್ತು, ಅದರೊಳಗೆ ಅವರ ಪಾದಗಳಿದ್ದವು.

"ಫಾದರ್, ಏನಾಗ್ತಿದೆ ನಿಮಗೆ?" ಎಂದೆ.

"ಏನೂ ಇಲ್ಲಮ್ಮ. ಎಷ್ಟು ಚೆನ್ನಾಗಿ ಕಟ್ಟಿದೀಯ ಲೂರ್ದು ಇದನ್ನ. ಬಂದು ಕೂತ್ಕೊಂಡೆ, ಅಷ್ಟೇ. ಎದ್ದು ಎಲ್ಲಿಗಾದ್ರೂ ಹೋಗ್ಬೇಕು ಅಂತ ಮನಸ್ಸೇ ಆಗ್ತಿಲ್ಲ."

"ಪೂರ್ವಕ್ಕೆ ಮನಸ್ಸು ಮಾಡಿ ಫಾದರ್. ನೀವು ಹಾಕಿಸಿರೋ ದಾರಿ ಇದೆ."

"ಮಾಡಿ ನೋಡಿದೆ," ಎಂದರು, ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ. "ಕಣ್ಣು ಮುಚ್ಚಿ ಆಫೀಸನ್ನ ನೆನೆಸ್ಕೊಂಡೆ. ನಿದ್ದೆ ಬಂದ್ಬಿಡ್ತು."

ನಾನು ನಗಬೇಕೋ ಅಳಬೇಕೋ ತಿಳಿಯದೆ ಸರಳು ಹಿಡಿದು ನಿಂತೆ. ನನ್ನ ಮೊದಲ ಕಟ್ಟಡವನ್ನು ಒಬ್ಬರು ಹೀಗೆ ಮೆಚ್ಚಿದ್ದರು, ಆ ಮೆಚ್ಚುಗೆಯೇ ಅದನ್ನು ಪಾರಿವಾಳಗಳ ಪಾಲು ಮಾಡುವುದರಲ್ಲಿತ್ತು. ಬಿಷಪ್ ಸ್ವಾಮಿಗಳ ಮಾತನ್ನು ತಿಳಿಸಿದೆ. ಫಾದರ್ ಮೂಸಂಬಿ ಕೆಳಗಿಟ್ಟರು. ಅವರಿಗೆ ನಿಜವಾಗಿಯೂ ಸಂಕಟವಾಯಿತು, ಆದರೆ ಸಂಕಟದಿಂದ ಬಾಗಿಲು ಬರುವುದಿಲ್ಲ. ಅಷ್ಟರಲ್ಲಿ ಪಶ್ಚಿಮದ ಕಡೆಯಿಂದ ಹಾಡು ಕೇಳಿಸಿತು. ಕ್ರೀಡಾಂಗಣವನ್ನು ಅತಿಥಿಗಳ ಊಟಕ್ಕೆ ಕೊಟ್ಟಿದ್ದರಿಂದ ಬೆನಿಟಾಳ ತಂಡ ಕ್ಯಾಂಟೀನಿನ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಪಕ್ಕದಲ್ಲಿ ಅಭ್ಯಾಸ ನಡೆಸಿತ್ತು. ಪ್ರತಿಷ್ಠಾಪನೆಗೆಂದು ಬೆನಿಟಾ ತಾನೇ ಹೊಸ ಸ್ತೋತ್ರವೊಂದನ್ನು ಬರೆದು ರಾಗ ಹಾಕಿದ್ದಳು.

ಫಾದರ್ ಕಿವಿಗೊಟ್ಟು ಕೇಳಿದರು. ಮೊದಲ ಸಾಲು ಏರಿತು, ಎರಡನೆಯದು ಅದಕ್ಕಿಂತ ಏರಿತು, ಮೂರನೆಯದು ಅರ್ಧಕ್ಕೆ ಬಂದು ಕುಸಿಯಿತು. ಮತ್ತೆ ಶುರು, ಮತ್ತೆ ಅಲ್ಲೇ ಕುಸಿತ.

"ಆ ಹುಡುಗಿಗೆ ಹೇಳು," ಎಂದರು ಫಾದರ್. "ಮೂರನೇ ಸಾಲು ಉದ್ದ. ನಡುವೆ ಎಲ್ಲೂ ಉಸಿರು ತಗೋತಾ ಇಲ್ಲ. ಎರಡನೇ ಪದ ಆದ್ಮೇಲೆ ತಗೋಬೇಕು."

ನಾನು ಚಾಪೆಲ್ಲನ್ನು ಸುತ್ತಿ ಓಡಿ ಬೆನಿಟಾಳಿಗೆ ಹೇಳಿದೆ. ಅವಳಿಗೆ ಹಿಡಿಸಲಿಲ್ಲ. ಎರಡನೇ ಪದದ ಮೇಲೆ ನಿಲ್ಲಿಸಿದರೆ ಅರ್ಥ ಮುರಿಯುತ್ತದೆ, ಸಾಲು ಒಂದೇ ಉಸಿರಿನಲ್ಲಿ ಹೋಗಬೇಕು, ಅಭ್ಯಾಸವಾದರೆ ಬರುತ್ತದೆ ಎಂದಳು. ಫಾದರ್‌ಗೆ ಹಾಡಿನ ಬಗ್ಗೆ ಏನು ಗೊತ್ತು ಎಂದೂ ಕೇಳಿದಳು. ನನಗೂ ಗೊತ್ತಿರಲಿಲ್ಲ. ವಾಪಸು ಓಡಿ ಅವಳ ಉತ್ತರ ಒಪ್ಪಿಸಿದೆ, ಕೊನೆಯದನ್ನು ಬಿಟ್ಟು. ಅರ್ಥ ಮುರಿಯುವುದಿಲ್ಲ, ಉಸಿರು ಕದಿಯಬೇಕು, ನಿಲ್ಲಿಸಬಾರದು ಎಂದು ಫಾದರ್ ಹೇಳಿದರು. ಮತ್ತೆ ಓಡಿದೆ. ಕದಿಯುವುದು ಅಂದರೆ ಹೇಗೆ ಎಂದು ಅವಳು ಕೇಳಿಕಳಿಸಿದಳು. ಫಾದರ್ ಸರಳಿನ ಹಿಂದೆ ನಿಂತು ನನಗೆ ಹಾಡಿ ತೋರಿಸಿದರು. ಆ ಗಡ್ಡದ ಮುಖದಿಂದ ಅಂಥ ಹದವಾದ ದನಿ ಬಂದೀತೆಂದು ಯಾರು ಎಣಿಸಿದ್ದರು? ನಾನು ಬಾಯಿ ಬಿಟ್ಟುಕೊಂಡು ನೋಡಿದ್ದಕ್ಕೆ ಅವರು ನಾಚಿಕೊಂಡು, ಹಳ್ಳಿಯ ಚರ್ಚಿನಲ್ಲಿದ್ದಾಗ ಊರಿಗೆ ಊರೇ ತನ್ನ ಹತ್ತಿರ ಹಾಡು ಕಲಿಯುತ್ತಿತ್ತು, ಇಲ್ಲಿಗೆ ಹಾಕಿದ ಮೇಲೆ ಪುರುಸೊತ್ತಾಗಲಿಲ್ಲ ಎಂದರು. ಆದರೆ ನನಗೆ ಹಾಡು ಬಾರದು. ಬೆನಿಟಾಳ ಮುಂದೆ ನಿಂತು ನಾನು ಮಾಡಿದ ಅನುಕರಣೆಗೆ ಇಡೀ ತಂಡ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಪಾತ್ರೆ ತೊಳೆಯುತ್ತಿದ್ದ ಹೆಂಗಸರೂ ನಕ್ಕರು.

ಶುಕ್ರವಾರ, ಶನಿವಾರ ಎರಡೂ ದಿನ ನನ್ನ ಓಟ ನಡೆಯಿತು. ಊರಿನವರು ನಾನು ಹರಕೆ ಹೊತ್ತು ಪ್ರದಕ್ಷಿಣೆ ಹಾಕುತ್ತಿದ್ದೇನೆಂದು ತಿಳಿದರು. ಕೆಲವರು ನನ್ನ ಹಿಂದೆ ತಾವೂ ಜಪಸರ ಹಿಡಿದು ಸುತ್ತತೊಡಗಿದರು. ಫಾದರ್ ಈಗ ಹಾಡು ಕೇಳಿದಾಗಲೆಲ್ಲ ಕುರ್ಚಿಯ ಅಂಚಿಗೆ ಬರುತ್ತಿದ್ದರು. ಆದರೆ ಅಭ್ಯಾಸ ನಿಂತ ಕೂಡಲೇ ಮತ್ತೆ ಒರಗಿಕೊಂಡು ಬೆಳಕು ನೋಡುತ್ತಿದ್ದರು. ಶನಿವಾರ ಸಂಜೆ ಬೆನಿಟಾಳ ತಾಳ್ಮೆ ಮುಗಿಯಿತು.

"ಮ್ಯಾಮ್, ನೀವು ಓಡಾಡಿದ್ದು ಸಾಕು. ಅವರಿಗೆ ಅಷ್ಟು ಗೊತ್ತಿದ್ರೆ ಇಲ್ಲಿ ಬಂದು ಹೇಳ್ಕೊಡ್ಲಿ. ಅಲ್ಲಿಂದ ಹೇಳಿದ್ದನ್ನ ನಾನು ಕೇಳಲ್ಲ."

ಆ ಮಾತನ್ನು ಹಾಗೇ ತಲುಪಿಸಿದೆ. ಅಂದು ಕೊಟ್ಟ ಊಟವನ್ನು ಫಾದರ್ ನಿಂತೇ ತಿಂದರು ಎಂದು ಸಿಸ್ಟರ್ ಜಸಿಂತಾ ಆಮೇಲೆ ನನಗೆ ಹೇಳಿದರು. ಹೇಳುವಾಗ ನನ್ನ ಕೈ ಒತ್ತಿದರು. ಇಬ್ಬರೂ ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ, ಆಡಿದರೆ ಎಲ್ಲಿ ಕೆಡುತ್ತದೋ ಎಂಬ ಭಯ.

ಭಾನುವಾರ ಬೆಳಿಗ್ಗೆ ಪೂರ್ವದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಮಿಯಾನದ ಕೆಳಗೆ ಪೀಠ, ಅದರ ಹಿಂದೆ ಬಾಗಿಲಿಲ್ಲದ ಗೋಡೆ, ಗೋಡೆಗೆ ಒರಗಿಕೊಂಡು ಎಲ್ಲಿಗೂ ಹೋಗದ ಮೆಟ್ಟಿಲು. ಊರಿನ ಅರ್ಧ ಜನ ಮರ ಹತ್ತಿದ್ದರು. ಚಾವಣಿಯ ಮೇಲೆ ಖಾದರ್ ಮೇಸ್ತ್ರಿ ತಮ್ಮವರೊಂದಿಗೆ ಹಾರೆ ಹಿಡಿದು ತಲೆ ತಗ್ಗಿಸಿ ಕೂತಿದ್ದರು. ಕಟ್ಟಿದ್ದನ್ನು ತಾವೇ ಬಿಚ್ಚುವ ಕೆಲಸ ಅವರಿಗೆ ಬಂದಿತ್ತು. ಗಾಯನ ತಂಡಕ್ಕೆ ಮುಂದೆ ಜಾಗ ಸಿಗಲಿಲ್ಲ. ಕುರ್ಚಿಗಳೆಲ್ಲ ಅತಿಥಿಗಳಿಗೆ ಹೋಗಿ, ಕೀಬೋರ್ಡಿಗೆ ಬೇಕಾದ ಪ್ಲಗ್ಗು ಕ್ಯಾಂಟೀನಿನ ಜಗುಲಿಯಲ್ಲಿ ಮಾತ್ರ ಉಳಿದಿದ್ದರಿಂದ ಅವರನ್ನು ಹಿಂದಕ್ಕೆ, ಪಶ್ಚಿಮಕ್ಕೆ ಅಟ್ಟಿದ್ದರು. ಬಿಷಪ್ ಸ್ವಾಮಿಗಳು ಕಾಣದ ಗಾಯಕರಿಗೆ ಪೂಜೆ ಮಾಡಬೇಕು, ಗಾಯಕರು ಕಾಣದ ಪೂಜೆಗೆ ಹಾಡಬೇಕು, ನಡುವೆ ಚಾಪೆಲ್ಲು. ಇಬ್ಬರಿಗೂ ಸನ್ನೆ ದಾಟಿಸಲೆಂದು ನನ್ನನ್ನು ದಕ್ಷಿಣದ ಮೂಲೆಯಲ್ಲಿ ನಿಲ್ಲಿಸಿದ್ದರು. ಪಕ್ಕದಲ್ಲೇ ನನ್ನ ಕಿಟಕಿ.

ಒಳಗೆ ಫಾದರ್ ಚೌರಪ್ಪ ಮಂಡಿಯೂರಿ ಪೂರ್ವದ ಗೋಡೆಗೆ ಮುಖ ಮಾಡಿದ್ದರು. ಹೊರಗಿನ ಪೂಜೆಗೆ ಒಳಗಿನಿಂದಲೇ ಉತ್ತರ ಕೊಡುತ್ತಿದ್ದರು. ಪಾಪ, ಬಹಳ ಪ್ರಯತ್ನಪಡುತ್ತಿದ್ದರು ಅನ್ನುವುದು ಅವರ ಬಿಗಿದ ಹೆಗಲಿನಲ್ಲೇ ಕಾಣುತ್ತಿತ್ತು. ಗೋಡೆ ಅಲುಗಲಿಲ್ಲ. ವಾಚನವಾಯಿತು, ಪ್ರಬೋಧನೆಯಾಯಿತು. ಬಿಷಪ್ ಸ್ವಾಮಿಗಳು ಪ್ರಬೋಧನೆಯನ್ನು ಎಳೆದಷ್ಟೂ ಎಳೆದರು. ನಮಗೆ ಸಮಯ ಕೊಡಲೆಂದೇ ಹಾಗೆ ಮಾಡುತ್ತಿದ್ದಾರೆಂದು ತಿಳಿದು ನನಗೆ ಅವರ ಮೇಲಿದ್ದ ಕೋಪವೆಲ್ಲ ಇಳಿಯಿತು. ಕಾಣಿಕೆಯ ಹೊತ್ತು ಬಂತು. ಬೆನಿಟಾಳ ಸ್ತೋತ್ರಕ್ಕೆ ಅದೇ ಜಾಗ. ನಾನು ಪಶ್ಚಿಮಕ್ಕೆ ಕೈ ಎತ್ತಿದೆ.

ಮೊದಲ ಸಾಲು ಎದ್ದಾಗ ಫಾದರ್ ಕಣ್ಣು ಮುಚ್ಚಿಕೊಂಡರು. ಎರಡನೆಯದಕ್ಕೆ ಅವರ ಬಲಗೈಯ ಬೆರಳುಗಳು ತೊಡೆಯ ಮೇಲೆ ತಾಳ ಹಾಕಿದವು. ಹುಡುಗ ಹುಡುಗಿಯರು ಜೀವ ಬಿಟ್ಟು ಹಾಡುತ್ತಿದ್ದರು. ಇಷ್ಟು ಜನರ ಮುಂದೆ ಹಾಡುವ ಉಮೇದಿನಲ್ಲಿ ಅಭ್ಯಾಸಕ್ಕಿಂತ ಒಂದು ಸ್ವರ ಮೇಲಕ್ಕೇ ಹಿಡಿದಿದ್ದರು. ಮೂರನೇ ಸಾಲು ಬಂತು. ಏರಿತು, ಏರಿತು, ನಡುವೆ ಬಂದು ಉಸಿರು ಸಾಲದೆ ಚೂರುಚೂರಾಯಿತು. ಕೀಬೋರ್ಡು ಒಂದೇ ಮುಂದೆ ಹೋಯಿತು. ಅಂಗಳದಲ್ಲಿ ಜನ ಮುಖ ಮುಖ ನೋಡಿಕೊಂಡರು. ಬೆನಿಟಾ ಎಂಥವಳು, ಕೈಬಿಡಲಿಲ್ಲ, ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಆದರೆ ಅವಳ ದನಿ ನಡುಗುತ್ತಿತ್ತು, ಅಳುವಿಗೆ ಹೆಚ್ಚು ದೂರವಿರಲಿಲ್ಲ.

ಫಾದರ್ ಎದ್ದರು. ಎದ್ದದ್ದು ಅವರಿಗೇ ಗೊತ್ತಾಯಿತೋ ಇಲ್ಲವೋ. ಕುರ್ಚಿಯನ್ನು ಬದಿಗೆ ತಳ್ಳಿ, ಪೂರ್ವಕ್ಕೆ ಬೆನ್ನು ತಿರುಗಿಸಿ, ಹಳೆಯ ಹಾಯುವ ನಡಿಗೆಯಲ್ಲಿ ಪಶ್ಚಿಮದ ಕಡೆ ಹೊರಟರು. ಹೋಗುತ್ತ ಬಲಗೈ ಎತ್ತಿದರು. ಎರಡನೇ ಸಾಲು ಮುಗಿಯುತ್ತಿತ್ತು, ಅವರಿಗೆ ಅವಸರವಿತ್ತು, ಎದುರಿಗೆ ಗೋಡೆಯಿದೆ ಅನ್ನುವುದನ್ನು ಮರೆತವರ ಹಾಗೆ ಅವರು ವೇಗ ತಗ್ಗಿಸಲಿಲ್ಲ. ಕಲ್ಲುಗಳು ಒತ್ತಿಕೊಂಡವು. ಒಂದರ ಬೆನ್ನಿಗೆ ಒಂದು, ಕೆಳಗಿನಿಂದ ಮೇಲಿನವರೆಗೆ, ನನ್ನ ಕಣ್ಣೆದುರಿಗೆ, ಹೊರಗಿನ ಬೆಳಕು ಒಳಗೆ ನೆಲಕ್ಕೆ ಬೀಳುವಂತೆ ದಾರಿ ಬಿಟ್ಟವು. ಫಾದರ್ ಚೌರಪ್ಪ ಅದರಲ್ಲಿ ಹಾಯ್ದು ಹೊರಗೆ ಹೋದರು. ಮೂರನೇ ಸಾಲಿಗೆ ಸರಿಯಾಗಿ ತಂಡದ ಮುಂದಿದ್ದರು. ಎರಡನೇ ಪದವಾದದ್ದೇ ಅವರ ಎರಡು ಬೆರಳು ಗಾಳಿಯಿಂದ ಏನನ್ನೋ ಕಿತ್ತುಕೊಂಡ ಹಾಗೆ ಆಡಿದವು. ಅಷ್ಟೂ ಎದೆಗಳು ತುಂಬಿಕೊಂಡವು. ಸಾಲು ಒಡೆಯದೆ ಕೊನೆಯವರೆಗೆ ಹೋಗಿ ಅಲ್ಲೇ ನಿಂತಿತು.

ಪೂರ್ವದವರಿಗೆ ಮೊದಲು ತಿಳಿದದ್ದು ಹಾಡಿನಿಂದ. ಅಲ್ಲಿಯವರೆಗೆ ಚಾಪೆಲ್ಲಿನ ಆಚೆಯಿಂದ ಬರುತ್ತಿದ್ದ ದನಿ ಈಗ ಚಾಪೆಲ್ಲಿನ ಒಳಗಿನಿಂದ, ಎಲ್ಲ ಕಿಟಕಿಗಳಿಂದ ಒಟ್ಟಿಗೆ ಉಕ್ಕಿ ಬಂತು. ಚಾವಣಿಯ ಮೇಲಿದ್ದ ಖಾದರ್ ಮೇಸ್ತ್ರಿ ಹಾರೆ ಎಸೆದು, ಬಾಗಿಲು ಬಂತು ಎಂದು ಕೂಗಿದರು. ಆಮೇಲೆ ಆದ ಗದ್ದಲವನ್ನು ಹೇಗೆ ಹೇಳಲಿ? ಮರದಲ್ಲಿದ್ದವರು ಉದುರಿದರು. ಕುರ್ಚಿಗಳು ಉರುಳಿದವು. ಬ್ಯಾಂಡಿನವರು ಬಾರಿಸುತ್ತಲೇ ಓಡಿದರು. ಬಿಷಪ್ ಸ್ವಾಮಿಗಳು ಪೂಜಾವಸ್ತ್ರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಪಾತ್ರೆ ತೊಳೆದ ನೀರಿನಲ್ಲಿ ಪಚಪಚ ಹೆಜ್ಜೆಯಿಡುತ್ತ, ಬಕೆಟ್ಟುಗಳ ನಡುವೆ ದಾರಿ ಮಾಡಿಕೊಂಡು ಹೊಸ ಬಾಗಿಲಿಗೆ ಬಂದರು. ತೊಳೆಯುವ ಹೆಂಗಸರು ಎದ್ದು ನಿಂತು, ಒದ್ದೆ ಕೈಯ ಬೆನ್ನಿನಿಂದ ತಲೆಗೆ ಸೆರಗೆಳೆದುಕೊಂಡು ಅವರಿಗಿಂತ ಮೊದಲೇ ಒಳಗೆ ಹೋಗಿ ಎಲ್ಲರಿಗಿಂತ ಮುಂದೆ ನೆಲದ ಮೇಲೆ ಕೂತುಬಿಟ್ಟರು. ಸಿಸ್ಟರ್ ಜಸಿಂತಾ ಆಸ್ಪತ್ರೆಯ ಗಾಲಿಕುರ್ಚಿಗಳನ್ನು ಒಂದರ ಹಿಂದೊಂದು ತಳ್ಳಿಸಿಕೊಂಡು ಬಂದರು. ಹುಡುಗರು ಪೀಠವನ್ನೂ ಕುರ್ಚಿಗಳನ್ನೂ ಒಳಗೆ ಹೊತ್ತು ತಂದರು, ಅರ್ಧಕ್ಕೆ ನಿಂತ ಪೂಜೆ ಅಲ್ಲಿಂದ ಮುಂದೆ ಒಳಗೇ ನಡೆಯಿತು. ಕುಲಪತಿಗಳ ಕುರ್ಚಿ ಪೀಠದ ಬಲಕ್ಕೆ ಖಾಲಿಯೇ ಉಳಿಯಿತು. ಅವರು ಗಾಯನ ತಂಡದ ಮುಂದೆ ಗಡ್ಡ ಬಿಟ್ಟುಕೊಂಡು, ಮುದುರಿದ ನಿಲುವಂಗಿಯಲ್ಲಿ ನಿಂತಿದ್ದರು. ಯಾರೂ ಅವರನ್ನು ಕರೆಯಲು ಹೋಗಲಿಲ್ಲ.

ಫಾದರ್ ಚೌರಪ್ಪ ಕುಲಪತಿಯ ಕೆಲಸ ಬಿಡುತ್ತೇನೆಂದು ಬಿಷಪ್ ಸ್ವಾಮಿಗಳಿಗೆ ಹೇಳಿದ್ದು ಆ ದಿನದ ಊಟದಲ್ಲೇ, ಪಾಯಸ ಬಡಿಸುವಾಗ. ಸ್ವಾಮಿಗಳು ಕೂಡಲೇ ಒಪ್ಪಲಿಲ್ಲ, ಆದರೆ ಬಂದ ಬಾಗಿಲನ್ನು ಇಲ್ಲವೆನ್ನುವ ಹಾಗೂ ಇರಲಿಲ್ಲ. ಕೆಲವು ತಿಂಗಳ ಮೇಲೆ ಆ ಕುರ್ಚಿಗೆ ಸಿಸ್ಟರ್ ಜಸಿಂತಾ ಬಂದರು. ಅಶೋಕದ ಸಾಲು ಈಗ ಎತ್ತರವಾಗಿ ಬೆಳೆದು ಗೋಡೆಯವರೆಗೂ ಚಂದದ ನೆರಳು ಕೊಡುತ್ತದೆ, ಪರೀಕ್ಷೆಯ ಕಾಲದಲ್ಲಿ ಆ ಮೆಟ್ಟಿಲ ಮೇಲೆ ಓದುವ ಮಕ್ಕಳಿಗೆ ಜಾಗ ಸಾಲುವುದಿಲ್ಲ. ಕ್ಯಾಂಟೀನನ್ನು ಬೇರೆ ಕಡೆ ಹಾಕೋಣ ಎಂದು ಯಾರೋ ಎತ್ತಿದ ಮಾತಿಗೆ ಕ್ಯಾಂಟೀನಿನವರು ಸೊಪ್ಪು ಹಾಕಲಿಲ್ಲ. ಬೆಳಗಿನ ಪೂಜೆಗೆ ಹೋಗುವವರು ಇವತ್ತಿಗೂ ಸಾಂಬಾರಿನ ಒಗ್ಗರಣೆಯನ್ನು ದಾಟಿಯೇ ಹೋಗುತ್ತಾರೆ, ಪೂಜೆ ಮುಗಿಸಿ ಎಲ್ಲರೂ ಅಲ್ಲೇ ಇಡ್ಲಿಗೆ ನಿಲ್ಲುತ್ತಾರೆ.

ಅಂದು ಸಂಜೆ ಅತಿಥಿಗಳೆಲ್ಲ ಹೋದ ಮೇಲೆ ಖಾದರ್ ಮೇಸ್ತ್ರಿ ಬಡಗಿಯನ್ನು ಕರೆದುಕೊಂಡು ಬಂದರು. ಚೌಕಟ್ಟಿಗೆ ಅಳತೆ ತೆಗೆಯಬೇಕಿತ್ತು. ಟೇಪಿನ ಒಂದು ತುದಿ ಹಿಡಿಯಲು ನಾನೂ ಹೋದೆ. ಅಳತೆ ತೆಗೆಯುವುದು ಆಗಲಿಲ್ಲ. ಬಾಗಿಲ ನಡುಮಧ್ಯದಲ್ಲಿ ಫಾದರ್ ಚೌರಪ್ಪ ಮತ್ತು ಬೆನಿಟಾ ಎದುರುಬದುರು ನಿಂತಿದ್ದರು, ಇಡೀ ತಂಡ ಅವರ ಸುತ್ತ.

"ಇವತ್ತು ಬಚಾವ್ ಮಾಡಿದ್ರಿ, ಥ್ಯಾಂಕ್ಸ್ ಫಾದರ್," ಎನ್ನುತ್ತಿದ್ದಳು ಬೆನಿಟಾ. "ಆದ್ರೂ ಎರಡನೇ ಪದದ ಮೇಲೆ ತಗೊಂಡ್ರೆ ನನ್ನ ಸಾಲು ಕುಂಟುತ್ತೆ. ಮೂರನೇದರ ಮೇಲೆ ತಗೋಬಹುದು, ಬೇಕಾದ್ರೆ."

"ಮೂರನೇದರ ಮೇಲೆ ತಗೊಂಡ್ರೆ ಕೊನೆಗೆ ಸಾಲಲ್ಲ ಮಗು. ಹಾಡಿ ನೋಡು, ಗೊತ್ತಾಗುತ್ತೆ."

ಅವಳು ಹಾಡಿ ನೋಡಿದಳು. ಕೊನೆಗೆ ಸಾಕಾಯಿತೋ ಇಲ್ಲವೋ ಎಂಬ ಬಗ್ಗೆ ತಂಡ ಎರಡು ಭಾಗವಾಯಿತು. ಕೀಬೋರ್ಡಿನ ಹುಡುಗ ಅವಳ ಕಡೆ, ಹಿಂದಿನ ಸಾಲಿನ ಗಂಡುದನಿಗಳೆಲ್ಲ ಫಾದರ್ ಕಡೆ. ಖಾದರ್ ಮೇಸ್ತ್ರಿ ಇದು ಬೇಗ ಮುಗಿಯುವುದಲ್ಲ ಎಂದು ತೊಳೆಯುವ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದರು. ಎಲ್ಲರೂ ಒಟ್ಟಿಗೆ ಇನ್ನೊಂದು ಸಲ ಹಾಡೋಣ, ದನಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಫಾದರ್ ನನ್ನನ್ನೂ ಕರೆದರು. ನನಗೆ ಬರುವುದಿಲ್ಲ ಎಂದೆ. ಬರುವುದಿಲ್ಲ ಅನ್ನುವುದು ಮೊನ್ನೆಯೇ ಗೊತ್ತಾಗಿದೆ ಮ್ಯಾಮ್, ಬನ್ನಿ ಎಂದು ಬೆನಿಟಾ ಕೈ ಹಿಡಿದು ಎಳೆದಳು.

ಟೇಪನ್ನು ಬಡಗಿಯ ಕೈಗೆ ಕೊಟ್ಟು ಹೊಸ್ತಿಲಿನ ಜಾಗದಲ್ಲಿ ನಿಂತೆ. ಅರ್ಧ ಮೈ ಚಾಪೆಲ್ಲಿನೊಳಗೆ, ಅರ್ಧ ಕ್ಯಾಂಟೀನಿನ ಅಂಗಳದಲ್ಲಿ. ಮೊದಲ ಸಾಲು ಎದ್ದಿತು, ಅದು ಒಳಗೆ ಹೋಗಿ ನಾನು ಗೆರೆ ಎಳೆದಿದ್ದ ಕಮಾನುಗಳನ್ನು ಮುಟ್ಟಿ, ದಪ್ಪವಾಗಿ, ಬೆಚ್ಚಗಾಗಿ ನನ್ನ ಬೆನ್ನಿಗೆ ವಾಪಸು ಬಂದಾಗ ಮೈ ಝುಮ್ಮೆಂದಿತು. ಎರಡನೇ ಸಾಲಿಗೆ ನಾನೂ ಬಾಯಿ ತೆರೆದಿದ್ದೆ. ಮೂರನೆಯದರಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಎಡಗಡೆಯಿಂದ ಬೆನಿಟಾ ಮೂರು ಬೆರಳು ತೋರಿಸಿದಳು, ಬಲಗಡೆಯಿಂದ ಫಾದರ್ ಎರಡು ಬೆರಳು ತೋರಿಸಿದರು. ನಾನು ನನಗೆ ಬೇಕೆನಿಸಿದ ಕಡೆ ತೆಗೆದುಕೊಂಡೆ.